ಓದು, ಊರು, ಸಂಪಾದನೆ: ಮಂಗಳೂರು–ಉಡುಪಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೂ ಪ್ರಶ್ನೆಗಳು ಬಿಟ್ಟಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ, ಸರ್ವಿಸ್ ಬಸ್ಸಿನಲ್ಲಿ, ಹಳೆ ವಿದ್ಯಾರ್ಥಿಗಳ ಪತ್ರದಲ್ಲಿ ತಿರುಗಿ ತಿರುಗಿ ಅವೇ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ಜಗಳ ಹುಟ್ಟಿಸುವಂಥದ್ದು ಕೊನೆಗೆ.

## ಹೊಸದಾಗಿ ಕೇಳುವವರಿಗೆ

ಮಾಷ್ಟ್ರೆ, ಓದಿದರೆ ಊರು ಉದ್ಧಾರ ಆಗ್ತದೆ ಅಂತ ಎಲ್ಲರೂ ಹೇಳ್ತಾರೆ. ಅದು ಆಗುವುದು ಹೇಗೆ?

ಎರಡು ದಾರಿಯಲ್ಲಿ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ: ಓದಿದವನ ಸಂಪಾದನೆ ಹೆಚ್ಚು. ಶಾಲೆಯಲ್ಲಿ ಕಳೆದ ಪ್ರತಿ ಹೆಚ್ಚುವರಿ ವರ್ಷಕ್ಕೆ ಗಳಿಕೆ ಸುಮಾರು ಶೇ. 9ರಷ್ಟು ಏರುತ್ತದೆ ಎಂಬುದು ಹಲವು ದೇಶಗಳ ಲೆಕ್ಕ ಒಟ್ಟು ಹಾಕಿದಾಗ ಸಿಕ್ಕಿದ ಸರಾಸರಿ. ಇಂಥ ಲೆಕ್ಕಕ್ಕೆ 1970ರ ದಶಕದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜೇಕಬ್ ಮಿನ್ಸರ್ ಒಂದು ಸೂತ್ರ ಕೊಟ್ಟರು. ಇವತ್ತಿಗೂ ಅದೇ ಚಲಾವಣೆಯಲ್ಲಿದೆ.

ಎರಡನೆಯ ದಾರಿ ಕಣ್ಣಿಗೆ ಬೀಳುವುದಿಲ್ಲ. ಓದಿದವರು ಒಂದೇ ಕಡೆ ಸಾಕಷ್ಟು ಜನ ಇದ್ದರೆ ಒಬ್ಬರಿಂದೊಬ್ಬರು ಕಲಿಯುತ್ತಾರೆ, ಒಬ್ಬ ಅಂಗಡಿ ತೆರೆದರೆ ಇನ್ನೊಬ್ಬ ಲೆಕ್ಕ ಬರೆಯುತ್ತಾನೆ, ಮೂರನೆಯವನು ಅವರ ಜಾಗದ ಕಾಗದಪತ್ರ ನೋಡುತ್ತಾನೆ. ಊರು ಬೆಳೆಯುವುದು ಮುಖ್ಯವಾಗಿ ಈ ಎರಡನೆಯ ದಾರಿಯಲ್ಲಿ. ಮೊದಲನೆಯ ದಾರಿಯಲ್ಲಿ ಮನೆ ಮಾತ್ರ ಬೆಳೆದೀತು.

ನಾನು ಓದಿದೆ, ನನಗೆ ಸಂಬಳ ಬಂತು. ಪಕ್ಕದ ಮನೆಯ ರಿಕ್ಷಾದವನಿಗೆ ಅದರಿಂದ ಎಂತ ಸಿಕ್ಕಿತು?

ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಅಮೆರಿಕದ ನಗರಗಳ ಬಗ್ಗೆ ಅರ್ಥಶಾಸ್ತ್ರಜ್ಞ ಎನ್ರಿಕೊ ಮೊರೆಟ್ಟಿ 2004ರಲ್ಲಿ ಹಾಕಿದ ಲೆಕ್ಕ ನೋಡಿ. ನಗರದ ಒಟ್ಟು ದುಡಿಯುವವರಲ್ಲಿ ಪದವೀಧರರ ಪಾಲು 20ರಿಂದ 21ಕ್ಕೆ ಹೋದರೆ, ಅಂದರೆ ನೂರರಲ್ಲಿ ಒಬ್ಬ ಪದವೀಧರ ಹೆಚ್ಚಾದರೆ, ಹೈಸ್ಕೂಲು ಮುಗಿಸದವರ ಕೂಲಿ ಶೇ. 1.9 ಏರಿತು, ಹೈಸ್ಕೂಲು ಮುಗಿಸಿದವರದು ಶೇ. 1.6. ಪದವೀಧರರದ್ದು ಬರೇ ಶೇ. 0.4! ಓದದವರಿಗೇ ಲಾಭ ಹೆಚ್ಚು.

ಮಂಗಳೂರಿನ ಹತ್ತಿರದ ದೇರಳಕಟ್ಟೆಯಲ್ಲಿ ನಿಂತು ನೋಡಿದರೆ ಇದಕ್ಕೆ ಸೂತ್ರವೇ ಬೇಡ. ಮೆಡಿಕಲ್ ಕಾಲೇಜುಗಳು ಬರುವ ಮೊದಲು ಅಲ್ಲಿ ರಿಕ್ಷಾ ಪಾರ್ಕಿಂಗಿನಲ್ಲಿ ಎಷ್ಟು ಗಾಡಿ ಇರುತ್ತಿತ್ತು, ಈಗ ಎಷ್ಟಿವೆ ಎಂದು ಅಲ್ಲಿನ ಹಿರಿಯ ಚಾಲಕರನ್ನೇ ಕೇಳಿ. ಆದರೆ ಒಂದು ಷರತ್ತು ಉಂಟು: ಓದಿದವನು *ಇಲ್ಲೇ* ಇರಬೇಕು. ದುಬಾಯಿಯಲ್ಲಿ ಕೂತರೆ ಅಲ್ಲಿನ ಟ್ಯಾಕ್ಸಿಯವನಿಗೆ ಲಾಭ.

ನಮ್ಮ ಎರಡು ಜಿಲ್ಲೆಗಳ ಅಂಕಿಅಂಶ ಏನು ಹೇಳ್ತದೆ?

2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57. ಬೆಂಗಳೂರು ನಗರ ಜಿಲ್ಲೆಯದು 87.67, ಉಡುಪಿಯದು 86.24, ರಾಜ್ಯದ ಸರಾಸರಿ 75.36. ತಲಾ ಆದಾಯದಲ್ಲಿ ಬೆಂಗಳೂರು ನಗರದ ಹಿಂದೆಯೇ ನಾವು ಬರುತ್ತೇವೆ, ರಾಜ್ಯದ ಆರ್ಥಿಕ ಸಮೀಕ್ಷೆ ತೆಗೆದು ನೋಡಬಹುದು. ದಕ್ಷಿಣ ಕನ್ನಡ ಸಾಕ್ಷರತೆಯಲ್ಲಿ ಬೆಂಗಳೂರಿಗಿಂತ ಒಂದು ಕೂದಲೆಳೆ ಮುಂದೆ; ಆದಾಯದಲ್ಲಿ ಸ್ಥಾನ ಅದರ ನಂತರದ್ದೇ ಆದರೂ ಮೊತ್ತದಲ್ಲಿ ಹಿಂದೆ. ಮುಂದಿನ ಪ್ರಶ್ನೆಗಳಲ್ಲಿ ಅರ್ಧದಷ್ಟು ಹುಟ್ಟುವುದು ಇದರಿಂದಲೇ.

ಮಂಗಳೂರು ಬೇರೆ, ಉಡುಪಿ ಬೇರೆ ಅಲ್ವಾ? ಒಟ್ಟಿಗೆ ಯಾಕೆ ಲೆಕ್ಕ ಹಾಕ್ತೀರಿ?

1997ರಲ್ಲಿ ಜಿಲ್ಲೆ ಎರಡಾಯಿತು, ಬಸ್ಸು ಎರಡಾಗಲಿಲ್ಲ. ಅರ್ಥಶಾಸ್ತ್ರದಲ್ಲಿ ನಗರ ಪ್ರದೇಶ ಅಂದರೆ ಬೆಳಿಗ್ಗೆ ಮನೆಯಿಂದ ಹೊರಟು ಕೆಲಸಕ್ಕೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದಾದಷ್ಟು ಜಾಗ. ಪಡುಬಿದ್ರಿಯಲ್ಲಿ ಹತ್ತಿದವನು ಮಣಿಪಾಲಕ್ಕೂ ಹೋಗುತ್ತಾನೆ, ಸುರತ್ಕಲ್ಲಿಗೂ ಹೋಗುತ್ತಾನೆ.

## ಹಿಂದೆ ಆದದ್ದು

ಬಾಸೆಲ್ ಮಿಷನ್‌ನವರು ಬಾರದಿದ್ದರೆ ನಾವು ಹಿಂದೆಯೇ ಉಳಿಯುತ್ತಿದ್ದೆವಾ?

ಸ್ವಿಟ್ಜರ್ಲೆಂಡಿನ ಈ ಕ್ರೈಸ್ತ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದದ್ದು ದೊಡ್ಡ ಸಂಗತಿ ಹೌದು. ಶಾಲೆ ತೆರೆದರು, 1841ರಲ್ಲಿ ಮುದ್ರಣಾಲಯ ಹಾಕಿದರು, 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟಿತು. ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸುವುದು 1865ರ ಜೆಪ್ಪು ಹಂಚಿನ ಕಾರ್ಖಾನೆ. ಶಾಲೆ ಮತ್ತು ಕೆಲಸ ಒಂದೇ ಕೈಯಲ್ಲಿ ಇತ್ತು. ಅಕ್ಷರ ಕಲಿತವನಿಗೆ ಅಚ್ಚುಕೂಟ, ಕೈಕಸುಬು ಕಲಿತವನಿಗೆ ನೇಯ್ಗೆ, ಹಂಚು. ಕಲಿಕೆಯ ಪಕ್ಕದಲ್ಲೇ ದುಡಿಮೆ.

ಆದರೆ ಎಲ್ಲವನ್ನೂ ಅವರ ಖಾತೆಗೆ ಬರೆಯುವುದು ಸರಿಯಲ್ಲ. 1880ರಲ್ಲಿ ಸಂತ ಅಲೋಶಿಯಸ್ ಶುರುವಾಯಿತು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲು ತೆರೆದರು, ಆಮೇಲೆ ಹೆಣ್ಣುಮಕ್ಕಳ ಶಾಲೆ. ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ಶುರು ಮಾಡಿ ಸ್ವಂತ ಜಾತಿಯವರಿಂದಲೇ ಬಹಿಷ್ಕಾರ ಉಂಡರು. 1921ರಲ್ಲಿ ಸಂತ ಆಗ್ನೆಸ್‌ನಲ್ಲಿ ಹುಡುಗಿಯರು ಕಾಲೇಜು ಮೆಟ್ಟಿಲು ಹತ್ತಿದರು. ಒಂದು ಸಮುದಾಯ ಶಾಲೆ ತೆರೆದರೆ ಪಕ್ಕದ ಸಮುದಾಯಕ್ಕೆ ನಿದ್ದೆ ಬಾರದು. ಆ ಹೊಟ್ಟೆಕಿಚ್ಚು ನಮ್ಮ ಕರಾವಳಿಗೆ ಮಾಡಿದಷ್ಟು ಉಪಕಾರ ಯಾವ ಯೋಜನೆಯೂ ಮಾಡಿಲ್ಲ ಎಂದು ನಾನು ತಮಾಷೆಗೆ ಹೇಳುವುದುಂಟು. ಪೂರ್ತಿ ತಮಾಷೆಯೂ ಅಲ್ಲ.

ಇಷ್ಟು ಸಣ್ಣ ಊರಲ್ಲಿ ಅಷ್ಟೊಂದು ಬ್ಯಾಂಕು ಹುಟ್ಟಿದ್ದು ಹೇಗೆ? ಅದಕ್ಕೂ ಓದಿಗೂ ಸಂಬಂಧ ಉಂಟಾ?

ಉಂಟು, ಅದೂ ನೇರ ಸಂಬಂಧ. ಶಾಲೆ ತೆರೆದ ಅದೇ ಸುಬ್ಬರಾವ್ ಪೈಗಳು 1906ರಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಸ್ಥಾಪಿಸಿದರು, ಅದೇ ಈಗಿನ ಕೆನರಾ ಬ್ಯಾಂಕು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕಿಗೆ ತಳಪಾಯ ಹಾಕಿದರು. 1924ರಲ್ಲಿ ಕರ್ನಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕು.

ಬ್ಯಾಂಕು ನಡೆಯಬೇಕಾದರೆ ಕೌಂಟರಿನ ಎರಡೂ ಬದಿ ಅಕ್ಷರ ಬೇಕು. ಒಳಗೆ ಲೆಕ್ಕ ತಪ್ಪದ ಗುಮಾಸ್ತ, ಹೊರಗೆ ಪಾಸ್‌ಬುಕ್ಕಿನ ಅಂಕೆ ಓದಬಲ್ಲ ಗಿರಾಕಿ. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಶುರು ಮಾಡಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಹೋಗಿ ವಸೂಲು ಮಾಡಿದರು. ಮೀನು ಮಾರುವ ಹೆಂಗಸು ತನ್ನ ಕಾರ್ಡಿನಲ್ಲಿ ಏಜೆಂಟನು ಬರೆದ ಅಂಕೆಯನ್ನು ತಾನೇ ಓದಿ ನೋಡಬಲ್ಲಳಾದರೆ ಮಾತ್ರ ಇಂಥ ವ್ಯವಹಾರ ಮುಂದೆ ಹೋಗುತ್ತದೆ. ಸುಬ್ಬರಾವ್ ಪೈಗಳದು ಮೊದಲು ಶಾಲೆ, ಆಮೇಲೆ ಬ್ಯಾಂಕು. ಸಿಂಡಿಕೇಟ್ ಕಟ್ಟಿದವರಲ್ಲೊಬ್ಬರಾದ ಟಿ.ಎಂ.ಎ. ಪೈಗಳದು ಉಲ್ಟಾ: 1925ರಲ್ಲಿ ಬ್ಯಾಂಕು, 1953ರಲ್ಲಿ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಚಕ್ರ ಎಲ್ಲಿಂದ ತಿರುಗಿಸಿದರೂ ತಿರುಗಿತು.

ನನ್ನ ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದರು. ನಿಮ್ಮ ಲೆಕ್ಕದಲ್ಲಿ ಅವರಿಗೆ ಜಾಗ ಉಂಟಾ?

ಈ ಪ್ರಶ್ನೆ ಕೇಳಿದವನು ನನ್ನ ವಿದ್ಯಾರ್ಥಿಯೇ, ಈಗ ದೊಡ್ಡ ಹುದ್ದೆಯಲ್ಲಿದ್ದಾನೆ. ಉತ್ತರ ಸ್ವಲ್ಪ ಉದ್ದ.

ಜೂನ್ ತಿಂಗಳಲ್ಲಿ ಅಡ್ಮಿಶನ್ ಮೇಜಿಗೆ ನಮ್ಮನ್ನು ಕೂರಿಸುತ್ತಿದ್ದರು. ಜಡಿಮಳೆ. ಕೊಡೆ ಗೋಡೆಗೆ ಒರಗಿಸಿ ತಾಯಂದಿರು ಬೆಂಚಿನಲ್ಲಿ ಕಾಯುವರು. ಒಬ್ಬರು ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿ ಇಟ್ಟರೆ ಮೇಜಿನ ಮೇಲೆ ಹೊಗೆಸೊಪ್ಪಿನ ಘಾಟು. ಬೆರಳ ತುದಿ ಕಂದು ಹಿಡಿದಿರುತ್ತಿತ್ತು. ಸಹಿ ಹಾಕುವಾಗ ಒಂದೊಂದೇ ಅಕ್ಷರ ಬರೆದು, ನಿಲ್ಲಿಸಿ, ಮತ್ತೆ ಬರೆದು ಮುಗಿಸುವರು. ಹೆಬ್ಬೆಟ್ಟು ಒತ್ತಿದವರು ನನ್ನ ಕಾಲದಲ್ಲಿ ತೀರಾ ಕಡಿಮೆ.

ಬೀಡಿಯ ಕೂಲಿ ಸಾವಿರಕ್ಕೆ ಇಷ್ಟೆಂದು. ಗೆರಸೆ ತೊಡೆಯ ಮೇಲೆ, ಕತ್ತರಿಸಿದ ಎಲೆ, ನೂಲು. ಮಳೆಗಾಲದಲ್ಲಿ ಗದ್ದೆಯ ಕೆಲಸ ಮುಗಿದು, ಕಡಲಿಗೆ ದೋಣಿ ಇಳಿಯದಿದ್ದಾಗಲೂ ಬೀಡಿ ಬ್ರಾಂಚು ಮುಚ್ಚುತ್ತಿರಲಿಲ್ಲ. ದುಡ್ಡು ನೇರ ಹೆಂಗಸಿನ ಕೈಗೆ ಬರುತ್ತಿತ್ತು. ತಾಯಿಯ ಕೈಗೆ ಬಂದ ದುಡ್ಡು ಮಕ್ಕಳ ಓದಿಗೆ, ಊಟಕ್ಕೆ ಹೆಚ್ಚು ಹೋಗುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡ ಸತ್ಯ. ಫೀಸು ಕಟ್ಟುವ ದಿನ ನಮಗೂ ಕಾಣುತ್ತಿತ್ತು.

ಇದರ ಇನ್ನೊಂದು ಮುಖವನ್ನು ಹೇಳದಿದ್ದರೆ ಮೋಸವಾದೀತು. ಎಷ್ಟೋ ಮನೆಗಳಲ್ಲಿ ಹಿರಿಯಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗೆರಸೆ ಹಿಡಿದಳು, ತಮ್ಮಂದಿರು ಪದವಿ ಮಾಡಿದರು. ತಮ್ಮಂದಿರ ಪದವಿ ಅಂಕಿಅಂಶದಲ್ಲಿ ಸೇರಿತು, ಅಕ್ಕನ ಬೆನ್ನುನೋವು ಸೇರಲಿಲ್ಲ. 2011ರಲ್ಲಿ ದಕ್ಷಿಣ ಕನ್ನಡದ ಹೆಂಗಸರ ಸಾಕ್ಷರತೆ ಶೇ. 84.13, ರಾಜ್ಯದ್ದು 68.08. ಈ ವ್ಯತ್ಯಾಸವೇ ನಮ್ಮ ಪ್ರದೇಶದ ನಿಜವಾದ ಬಂಡವಾಳ ಎಂದು ನನ್ನ ಅಭಿಪ್ರಾಯ. ಇಂಜಿನಿಯರಿಂಗ್ ಕಾಲೇಜುಗಳು ಆಮೇಲಿನ ಮಾತು.

ಓದಿದವರೆಲ್ಲ ತೋಟ ಬಿಟ್ಟು ಹೋದರು. ಕೃಷಿಗೆ ಓದಿನಿಂದ ನಷ್ಟವೇ ಅಲ್ವಾ?

ಜನ ಹೋದರು, ನಿಜ. ಉಳಿದವರಲ್ಲಿ ಓದಿದವರು ಏನು ಮಾಡಿದರು ಎಂದೂ ನೋಡಬೇಕು. 1970ರ ಸುಮಾರಿಗೆ ಅಡಿಕೆ ಧಾರಣೆ ಕುಸಿದಾಗ ಬೆಳೆಗಾರರು ತಾವೇ ಸೇರಿ 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು, ವಾರಣಾಶಿ ಸುಬ್ರಾಯ ಭಟ್ಟರು ಮುಂದಾಳು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯೂ ಎದ್ದಿತು. ಬ್ಯಾಲೆನ್ಸ್ ಶೀಟು ಓದಿ ಮಹಾಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಸದಸ್ಯರಿಲ್ಲದೆ ಸಹಕಾರಿ ಸಂಸ್ಥೆ ಇಷ್ಟು ವರ್ಷ ಬಾಳುವುದಿಲ್ಲ. ಮರ ಹತ್ತುವವರು ಸಿಗದಾದಾಗ ಕಾರ್ಬನ್ ಫೈಬರ್ ದೋಟಿ ತಂದು ನೆಲದಲ್ಲೇ ನಿಂತು ಮದ್ದು ಬಿಡುವುದನ್ನು ಕಲಿತವರೂ ಇವರೇ.

## ಈಗಿನ ತಲೆನೋವು

ಪಿಯುಸಿಯಲ್ಲಿ ನಾವೇ ಫಸ್ಟು. ಮತ್ತೆ ಕಂಪನಿಗಳು ಯಾಕೆ ಬರುವುದಿಲ್ಲ?

2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ ಶೇ. 93.90, ದಕ್ಷಿಣ ಕನ್ನಡ 93.57, ರಾಜ್ಯ 73.45. ಈ ಎರಡು ಜಿಲ್ಲೆಗಳು ಮೊದಲನೇ ಸ್ಥಾನವನ್ನು ತಮ್ಮ ತಮ್ಮಲ್ಲೇ ಹಂಚಿಕೊಳ್ಳುತ್ತಾ ಬಂದಿವೆ.

ಕಂಪನಿ ನೋಡುವುದು ಪಾಸಾದವರನ್ನಲ್ಲ, ಹತ್ತು ವರ್ಷ ಕೆಲಸ ಮಾಡಿ ಪಳಗಿದವರನ್ನು. ಹೊಸ ಹುಡುಗರು ಎಲ್ಲ ಕಡೆ ಸಿಗುತ್ತಾರೆ. ತಂಡ ನಡೆಸುವವನು, ಪಕ್ಕದ ಕಂಪನಿಯಿಂದ ಎಳೆದು ತರಬಹುದಾದವನು ಬೆಂಗಳೂರಿನಲ್ಲಿದ್ದಾನೆ, ಹೆಚ್ಚಾಗಿ ಅವನು ಕಾರ್ಕಳದವನೋ ಕುಂದಾಪುರದವನೋ ಆಗಿರುತ್ತಾನೆ! ಅವನು ಬಾರದೆ ಕಂಪನಿ ಬಾರದು, ಕಂಪನಿ ಬಾರದೆ ಅವನು ಬಾರ. ಹೆಂಡತಿಗೂ ಕೆಲಸ ಬೇಕಲ್ಲ, ಒಬ್ಬರಿಗೆ ಸಿಕ್ಕಿದರೆ ಸಾಲದು.

ಇಲ್ಲಿ ಏನೂ ಬಂದಿಲ್ಲ ಎಂದಲ್ಲ. ಇನ್ಫೋಸಿಸ್ 1990ರ ದಶಕದಲ್ಲೇ ಮಂಗಳೂರಿಗೆ ಕಾಲಿಟ್ಟಿತು, ಉಡುಪಿಯಲ್ಲಿ 1996ರಲ್ಲಿ ರೋಬೋಸಾಫ್ಟ್ ಹುಟ್ಟಿತು. ಬಂದರು, ರಸಗೊಬ್ಬರ ಕಾರ್ಖಾನೆ, ತೈಲ ಶುದ್ಧೀಕರಣಾಗಾರ ಇವೆ. ಆದರೆ ಬೃಹತ್ ಕಾರ್ಖಾನೆಗಳಲ್ಲಿ ಬಂಡವಾಳ ಹೆಚ್ಚು, ಕೆಲಸ ಸಿಗುವ ತಲೆ ಕಡಿಮೆ. ಇನ್ನೊಂದು ಪೆಟ್ಟು ಸದ್ದಿಲ್ಲದೆ ಬಿತ್ತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಶಾಖೆಗಳು ಉಳಿದವು. ಮಣಿಪಾಲ, ಮಂಗಳೂರಿನ ಮುಖ್ಯ ಕಚೇರಿಗಳು ಮುಖ್ಯ ಕಚೇರಿಗಳಾಗಿ ಉಳಿಯಲಿಲ್ಲ. ಸಾಲದ ದೊಡ್ಡ ಫೈಲು ನೋಡುವ, ಕಾನೂನು ತಿಳಿದ, ಕಂಪ್ಯೂಟರ್ ವಿಭಾಗ ನಡೆಸುವ ಹುದ್ದೆಗಳು ಇರುವುದು ಅಂಥ ಕಡೆ. ಜನ ಬ್ಯಾಂಕಿನ ಹೆಸರು ಹೋಯಿತೆಂದು ಮರುಗಿದರು, ನನಗೆ ಆ ಹುದ್ದೆಗಳು ಹೋದದ್ದೇ ದೊಡ್ಡ ನಷ್ಟ ಅನ್ನಿಸುತ್ತದೆ.

ಮಕ್ಕಳೆಲ್ಲ ಬೆಂಗಳೂರು, ದುಬಾಯಿ, ಕೆನಡಾ. ಇಲ್ಲಿ ಖರ್ಚು ಮಾಡಿ ಓದಿಸಿದ್ದು ಯಾರಿಗೆ ಲಾಭ?

ಹೋಗುವುದು ಹೊಸತಲ್ಲ. ಮುಂಬೈಯ ಹೋಟೆಲಿನಲ್ಲಿ ಹಗಲು ಕಪ್ಪು-ಬಸಿ ತೊಳೆದು ರಾತ್ರಿಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಾಡಿದ ತುಳುನಾಡಿನ ಹುಡುಗರ ತಲೆಮಾರೇ ಇತ್ತು. ಅವರು ಕಳಿಸಿದ ಮನಿಯಾರ್ಡರಿನಿಂದ ಊರಲ್ಲಿ ತಂಗಿಯರು ಶಾಲೆಗೆ ಹೋದರು. ಹೊರಗೆ ಹೋಗುವ ಅವಕಾಶ ಇದೆಯೆಂದೇ ಇಲ್ಲಿ ಓದಿನ ಹಸಿವು ಹೆಚ್ಚಾಯಿತು ಎಂಬ ವಾದದಲ್ಲೂ ಹುರುಳಿದೆ.

ತೊಂದರೆ ಇರುವುದು ಬಂದ ದುಡ್ಡು ಏನಾಗುತ್ತದೆ ಎಂಬಲ್ಲಿ. ಬ್ಯಾಂಕಿನಲ್ಲಿ ಠೇವಣಿ ಬೀಳುತ್ತದೆ, ಇಲ್ಲಿನ ಸಾಲವಾಗಿ ಅಷ್ಟು ಹೊರಬರುವುದಿಲ್ಲ. ಉಡುಪಿಯಲ್ಲಿ ಠೇವಣಿಗೆ ಹೋಲಿಸಿದರೆ ಸಾಲ ಕಡಿಮೆ ಎಂಬ ದೂರು ಬ್ಯಾಂಕಿನವರ ಸಭೆಗಳಲ್ಲಿ ಹಳತು. ಮಿಕ್ಕದ್ದು ಮನೆ, ಫ್ಲ್ಯಾಟು, ಚಿನ್ನ. ಬೀಗ ಹಾಕಿದ ಮೂರು ಬೆಡ್‌ರೂಮಿನ ಫ್ಲ್ಯಾಟು ಯಾರಿಗೂ ಸಂಬಳ ಕೊಡುವುದಿಲ್ಲ, ವಾಚ್‌ಮ್ಯಾನಿಗೊಬ್ಬನಿಗೆ ಬಿಟ್ಟು. ನಮ್ಮ ಮುಖ್ಯ ರಫ್ತು ಗೋಡಂಬಿ, ಮೀನು ಎಂದು ಬರೆಯುತ್ತಾರೆ. ನಾನಾಗಿದ್ದರೆ ಪಟ್ಟಿಯ ತಲೆಗೆ ಪದವೀಧರ ಎಂದು ಬರೆಯುತ್ತಿದ್ದೆ.

ಮಣಿಪಾಲದ ಹಾಗೆ ಕಾಲೇಜನ್ನೇ ಉದ್ಯಮ ಮಾಡಿದರೆ ಸಾಲದಾ?

ಮಣಿಪಾಲ ಮುರಕಲ್ಲಿನ ಬೋಳುಗುಡ್ಡವಾಗಿತ್ತು. ಹೊರರಾಜ್ಯದ ವಿದ್ಯಾರ್ಥಿ ಇಲ್ಲಿ ಬಂದು ಫೀಸು, ಬಾಡಿಗೆ, ಊಟಕ್ಕೆ ಖರ್ಚು ಮಾಡಿದರೆ ಲೆಕ್ಕದಲ್ಲಿ ಅದೂ ರಫ್ತೇ, ಹೊರಗಿನ ದುಡ್ಡು ಒಳಗೆ ಬಂತು. ನಿಟ್ಟೆ, ಮೂಡುಬಿದಿರೆ, ದೇರಳಕಟ್ಟೆ ಬೆಳೆದದ್ದು ಹೀಗೆ.

ಆದರೆ 2020ರಲ್ಲಿ ಲಾಕ್‌ಡೌನ್ ಬಂದು ವಿದ್ಯಾರ್ಥಿಗಳು ಊರಿಗೆ ಹೋದಾಗ ಮಣಿಪಾಲದ ಟೈಗರ್ ಸರ್ಕಲ್ಲಿನ ಅಂಗಡಿಯವರು ಪಟ್ಟ ಪಾಡು ನೆನಪಿದೆಯಲ್ಲ. ಓದಲು ಬಂದವನು ಸರ್ಟಿಫಿಕೇಟು ಹಿಡಿದು ಹೊರಟರೆ ಉಳಿಯುವುದು ಬಾಡಿಗೆ ಮಾತ್ರ. ಅಂಥವರಲ್ಲಿ ನೂರಕ್ಕೆ ಹತ್ತು ಮಂದಿ ಇಲ್ಲೇ ಒಂದು ಸಂಸ್ಥೆ ಕಟ್ಟಿದರೆ ಕತೆಯೇ ಬೇರೆ. ಅದಕ್ಕೆ ಅವರ ಹತ್ತಿರ ಬಾಡಿಗೆಯ ಮಾತಾಡಿದಷ್ಟೇ ಆಸಕ್ತಿಯಿಂದ ಕೆಲಸದ ಮಾತಾಡುವವರು ಬೇಕು.

ಬಿ.ಇ. ಮಾಡಿದವ ಸ್ವಿಗ್ಗಿಯಲ್ಲಿ ತಿರುಗ್ತಾನೆ, ಒಬ್ಬ ಒಳ್ಳೆ ವೆಲ್ಡರ್ ಬೇಕಾದರೆ ಸಿಗುದಿಲ್ಲ. ಇದೆಂತ ಕತೆ?

ಓದಿನ ಮೆಟ್ಟಿಲುಗಳಲ್ಲಿ ನಡುವಿನದ್ದು, ಅಂದರೆ ಐಟಿಐ, ಡಿಪ್ಲೊಮಾ, ಸವೆದಿದೆ. ಕದ್ರಿಯ ಪಾಲಿಟೆಕ್ನಿಕ್ 1946ರದ್ದು, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು 1960ರದ್ದು. ಡಿಪ್ಲೊಮಾದವರಿಗೆ ಒಂದು ಕಾಲದಲ್ಲಿ ಇದ್ದ ಮರ್ಯಾದೆ ಮದುವೆ ಮಾರುಕಟ್ಟೆಯಲ್ಲಿ ಹೋಯಿತು. ಹುಡುಗ ಎಂತ ಮಾಡ್ತಾನೆ ಎಂದು ಕೇಳಿದರೆ ‘ಐಟಿಐ’ ಎನ್ನಲು ತಂದೆಗೆ ನಾಲಿಗೆ ಏಳುವುದಿಲ್ಲ. ಅದೇ ಹುಡುಗ ಕತಾರಿಗೆ ಹೋಗಿ ಪೈಪ್ ವೆಲ್ಡಿಂಗ್ ಮಾಡಿದರೆ ಗೃಹಪ್ರವೇಶಕ್ಕೆ ಇಡೀ ಊರು ಹಾಜರು!

## ಇನ್ನೂ ಆಳಕ್ಕೆ ಇಳಿಯುವವರಿಗೆ

ಓದಿನಿಂದ ಊರು ಬೆಳೆಯಿತೋ, ಊರಲ್ಲಿ ದುಡ್ಡಿದ್ದುದರಿಂದ ಓದಿದರೋ? ಯಾವುದು ಮೊದಲು?

ಎಂ.ಎ. ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಇದು, ಒಳ್ಳೆಯ ಪ್ರಶ್ನೆ. ಬೆಳೆದ ಊರಿಗೆ ಓದಿದವರು ತಾವಾಗಿಯೇ ಬರುತ್ತಾರೆ, ಹಾಗಾಗಿ ಎರಡೂ ಒಟ್ಟಿಗಿವೆ ಎಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣ ಎನ್ನಲಾಗದು. ಮೊರೆಟ್ಟಿ ಇದಕ್ಕೊಂದು ಉಪಾಯ ಹುಡುಕಿದರು. ಅಮೆರಿಕದಲ್ಲಿ 1862ರ ಕಾನೂನಿನಂತೆ ಸರ್ಕಾರಿ ಜಮೀನಿನ ನೆರವಿನಿಂದ ಕಾಲೇಜುಗಳು ಎದ್ದಿದ್ದವು. ಇಂಥ ಹಳೆಯ ಕಾಲೇಜು ಇರುವ ನಗರಕ್ಕೂ ಇಲ್ಲದ ನಗರಕ್ಕೂ ನೂರು ವರ್ಷದ ಮೇಲೆ ಏನು ವ್ಯತ್ಯಾಸ ಎಂದು ನೋಡಿದರು. ಆ ಹೊತ್ತಿನ ಸಿರಿವಂತಿಕೆ ನೋಡಿ ಯಾರೂ ಕಾಲೇಜು ಕೊಟ್ಟಿರಲಿಲ್ಲವಲ್ಲ. ಹೀಗೆ ನೋಡಿದರೂ ಓದಿನ ಪ್ರಭಾವ ಉಳಿಯಿತು.

ನಮ್ಮಲ್ಲಿ ಇದಕ್ಕೆ ಸಮನಾದ ಘಟನೆ ಬೇಕಿದ್ದರೆ 1974ರ ಭೂಸುಧಾರಣೆ. ದೇವರಾಜ ಅರಸರ ಕಾಲದ ಆ ತಿದ್ದುಪಡಿ ದಕ್ಷಿಣ ಕನ್ನಡದಷ್ಟು ಗಟ್ಟಿಯಾಗಿ ಜಾರಿಯಾದ ಜಾಗ ಕಡಿಮೆ, ಗೇಣಿಯ ಒಕ್ಕಲು ಇಲ್ಲಿ ಅಷ್ಟು ದಟ್ಟ. ಈ ಭೂಮಿಯ ಗೇಣಿದಾರ ನಾನು ಎಂದು ಡಿಕ್ಲರೇಶನ್ ಹಾಕಿ ಭೂಮಿ ಪಡೆದವನ ಮನೆಯಲ್ಲಿ ಗೇಣಿ ಅಕ್ಕಿ ಉಳಿಯಿತು, ಮಗ ಹೈಸ್ಕೂಲು ದಾಟಿದ. ಭೂಮಿ ಕಳಕೊಂಡ ಒಡೆಯನ ಮಗನಿಗೆ ಓದದೆ ಬೇರೆ ದಾರಿಯೇ ಇರಲಿಲ್ಲ, ಅವನೂ ಓದಿದ. 1980ರ ದಶಕದಲ್ಲಿ ನನ್ನ ಒಂದೇ ತರಗತಿಯಲ್ಲಿ ಇಬ್ಬರೂ ಕೂತಿದ್ದರು, ಒಂದೇ ಬೆಂಚಿನಲ್ಲಿ ಅಲ್ಲದಿದ್ದರೂ. ಇದನ್ನು ಹಳ್ಳಿ ಹಳ್ಳಿಯ ದಾಖಲೆ ಹಿಡಿದು ಯಾರಾದರೂ ಪಿಎಚ್‌ಡಿ ಮಾಡಲಿ ಎಂದು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ.

ಈಗ ದೋಣಿಗೆ, ಕಟ್ಟಡಕ್ಕೆ, ಹೋಟೆಲಿಗೆ ಎಲ್ಲ ಹೊರಗಿನವರೇ. ಇದೂ ನಮ್ಮ ಓದಿನ ಪರಿಣಾಮವಾ?

ಹೌದು. ಓದಿದ ಮನೆಗಳಲ್ಲಿ ಮಕ್ಕಳು ಕಡಿಮೆ, ಇರುವ ಮಕ್ಕಳು ಬಲೆ ಎಳೆಯುವುದಿಲ್ಲ. ಮಲ್ಪೆಯ ಬೋಟುಗಳಲ್ಲಿ ಒಡಿಶಾ, ಆಂಧ್ರ, ಜಾರ್ಖಂಡದವರು. ಕಟ್ಟಡಗಳಲ್ಲಿ ಬಾಗಲಕೋಟೆ, ಗದಗ, ಕೊಪ್ಪಳದವರು, ಉತ್ತರ ಭಾರತದವರು. ಮುಂಬೈಗೆ ನಾವು ಹೋದ ಹಾಗೆ ಅವರು ಇಲ್ಲಿಗೆ ಬಂದಿದ್ದಾರೆ.

ಅವರ ಮಕ್ಕಳ ಸಂಗತಿಯನ್ನು ಯಾರೂ ನನ್ನಲ್ಲಿ ಕೇಳುವುದಿಲ್ಲ, ಆದ್ದರಿಂದ ನಾನೇ ಸೇರಿಸುತ್ತೇನೆ. ಕಟ್ಟಡ ಮುಗಿದರೆ ಶೆಡ್ಡು ಬಿಚ್ಚಿ ಬೇರೆ ಕಡೆ, ಶಾಲೆಯೂ ಬೇರೆ. ನಡುವರ್ಷದಲ್ಲಿ ಟಿ.ಸಿ. ಇಲ್ಲದೆ ಬಂದ ಹುಡುಗಿಯನ್ನು ಕೂರಿಸಿಕೊಳ್ಳುವ ಮುಖ್ಯೋಪಾಧ್ಯಾಯಿನಿ ಸಿಕ್ಕಿದರೆ ಪುಣ್ಯ. ಇತ್ತ ಮಕ್ಕಳಿಲ್ಲವೆಂದು ಕನ್ನಡ ಶಾಲೆಗಳಿಗೆ ಬೀಗ ಬೀಳುತ್ತಿದೆ, ಅತ್ತ ಶಾಲೆಯಿಲ್ಲದ ಮಕ್ಕಳು ಮರಳು ರಾಶಿಯಲ್ಲಿ ಆಡುತ್ತಿದ್ದಾರೆ. ಇಪ್ಪತ್ತು ವರ್ಷದ ಮೇಲೆ ಈ ಪ್ರದೇಶದಲ್ಲಿ ದುಡಿಯುವವರು ಹೆಚ್ಚಾಗಿ ಇವರೇ ಆಗಿರುತ್ತಾರೆ, ನಮ್ಮ ಮಕ್ಕಳು ಟೊರಾಂಟೊದಲ್ಲಿ ಇರುತ್ತಾರೆ.

ಅದೆಲ್ಲ ಇರಲಿ. ನನ್ನ ಮಗಳಿಗೆ ಎಂತ ಓದಿಸುವುದು ಹೇಳಿ.

ಅವಳಿಗೆ ಏನು ಇಷ್ಟ ಎಂದು ಕೇಳಿದಿರಾ? ಹೆಚ್ಚಿನವರು ಇಲ್ಲಿ ಸುಮ್ಮನಾಗುತ್ತಾರೆ, ಮತ್ತೆ ನಾವು ಮಳೆಯ ಮಾತಿಗೆ ಹೊರಳುತ್ತೇವೆ.